ಗಾಳಿಯ ಮೇಲಣ ಮನೆ

ಕಾವಲಿಯ ಮೇಲೆ ಹುಯ್ದ ದೋಸೆಯ ಹಿಟ್ಟು ನಡುವೆ ನಿಲ್ಲದೆ ಒಂದು ಮಗ್ಗುಲಿಗೆ ಹರಿದು, ಒಂದಂಚಿನಲ್ಲಿ ರೊಟ್ಟಿಯಂತೆ ದಪ್ಪವಾಗಿಯೂ ಇನ್ನೊಂದಂಚಿನಲ್ಲಿ ಕಾಗದದಂತೆ ತೆಳ್ಳಗಾಗಿಯೂ ಬೆಂದಿತು. ನಮ್ಮ ಮನೆಯವಳು ಅದನ್ನು ಎತ್ತಿ ನನ್ನ ತಟ್ಟೆಗೆ ಹಾಕುತ್ತ, "ಈ ಮನೆ ವಾಲಿದೆ" ಎಂದಳು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಅವಳ ಕೈಯ ದೋಸೆಯು ವರ್ತುಲಾಕಾರವನ್ನು ಬಿಟ್ಟುದನ್ನು ನಾನು ಕಂಡುದು ಅದೇ ಮೊದಲು.

ವಾಲಿದ್ದ ಆ ಮನೆಯು ಇಟ್ಟಿಗೆ ಗಾರೆಗಳಿಂದ ಕಟ್ಟಿದುದಲ್ಲ. ಆರು ಟೈರುಗಳ ಮೇಲೆ ನಿಂತು, ೪೦ ಅಡಿ ಉದ್ದವೂ ಸುಮಾರು ೧೪ ಟನ್ನು ತೂಕವೂ ಉಳ್ಳ ಮೋಟಾರು ಮನೆ. ನನ್ನ ಅಳಿಯನು ಅಮೆರಿಕಾ ದೇಶದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ಯಾರೋ ಕೆಲವು ಕಾಲ ಬಳಸಿ ಬಿಟ್ಟ ಈ ಬಂಡಿಯನ್ನು ಅವನು ಕ್ರಯಕ್ಕೆ ಕೊಂಡಿದ್ದನು. ೨೦೨೩ನೆಯ ಇಸವಿಯ ಅಕ್ಟೋಬರು ತಿಂಗಳಲ್ಲಿ ನಾವಿಬ್ಬರೂ ಮಗಳನ್ನು ನೋಡಲು ಹೋದಾಗ, ಇದರಲ್ಲಿಯೇ ಕುಳಿತು ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವನ್ನು ನೋಡಿ ಬರೋಣವೆಂದು ಹೊರಟೆವು. ಮೊದಲನೆಯ ಬಿಡಾರ ಫ್ಲ್ಯಾಗ್‌ಸ್ಟಾಫ್ ಪಟ್ಟಣದ ಹೊರಗೆ, ಪೈನ್ ಮರಗಳ ಕಾಡಿನಲ್ಲಿ. ಫೀನಿಕ್ಸ್ ಇರುವುದು ಸಮುದ್ರಮಟ್ಟದಿಂದ ಸುಮಾರು ೧,೧೦೦ ಅಡಿ ಎತ್ತರದಲ್ಲಿ; ಫ್ಲ್ಯಾಗ್‌ಸ್ಟಾಫ್ ಸುಮಾರು ೭,೦೦೦ ಅಡಿಯಲ್ಲಿ. ಬೆಳಗ್ಗೆ ಸೆಕೆಯಿಂದ ಬೀಸಣಿಗೆ ಹಿಡಿದಿದ್ದವರು ಸಂಜೆಗೆ ಶಾಲು ಹೊದೆದೆವು.

ಊರಿನಲ್ಲಿ ಮನೆಯನ್ನು ಕಟ್ಟುವಾಗ ಗಾರೆಯವನು ರಸಮಟ್ಟವನ್ನಿಟ್ಟು ಒಂದು ಸಲ ನೋಡಿದನೆಂದರೆ ತೀರಿತು. ಆಮೇಲೆ ಮೂರು ತಲೆಮಾರಿನವರು ಆ ನೆಲದ ಮಟ್ಟವನ್ನು ಕುರಿತು ಯೋಚಿಸುವ ಪ್ರಮೇಯವೇ ಇರುವುದಿಲ್ಲ. ಚಲಿಸುವ ಮನೆಯ ಧರ್ಮವು ಬೇರೆ. ದಿನಕ್ಕೊಂದು ನೆಲ, ದಿನಕ್ಕೊಂದು ವಾಲು. ಪ್ರತಿ ಸಂಜೆಯೂ ಅದನ್ನು ಹೊಸದಾಗಿ ಸಮಮಾಡಬೇಕು. ಇಲ್ಲವಾದರೆ ಸ್ನಾನದ ನೀರು ಬಚ್ಚಲ ಕಂಡಿಯ ಕಡೆಗೆ ಹೋಗದೆ ಮೂಲೆಯಲ್ಲಿ ನಿಲ್ಲುವುದು. ತೆರೆದ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವುದು. ತಲೆಯ ಕಡೆ ತಗ್ಗಾಗಿ ಮಲಗಿದವರಿಗೆ ಬೆಳಗ್ಗೆ ತಲೆ ಭಾರವಾಗುವುದು. ನಮ್ಮ ಮನೆಯವಳಿಗೆ ತಲೆಸುತ್ತಿನ ಉಪದ್ರವವು ಮೊದಲೇ ಉಂಟು. ಆದುದರಿಂದ ಈ ವಿಷಯದಲ್ಲಿ ನನಗೆ ಹೆಚ್ಚಿನ ಕಾಳಜಿ ಇದ್ದಿತು.

ಎಲ್ಲಕ್ಕಿಂತ ಮಿಗಿಲಾಗಿ ಮಟ್ಟವನ್ನು ಬೇಡುವುದು ಅಲ್ಲಿನ ತಂಪು ಪೆಟ್ಟಿಗೆ. ನಮ್ಮ ಮನೆಗಳಲ್ಲಿರುವಂತೆ ಅದರಲ್ಲಿ ತಿರುಗುವ ಯಂತ್ರವಿಲ್ಲ. ೧೯೨೨ನೆಯ ಇಸವಿಯಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ವಿಧಾನವದು. ಬೆಂಕಿಯ ಶಾಖದಿಂದ ಅಮೋನಿಯವನ್ನು ನೀರಿನಿಂದ ಬೇರ್ಪಡಿಸಿ, ಅದನ್ನು ಮೇಲಕ್ಕೇರಿಸಿ ದ್ರವವಾಗಿಸಿ, ತನ್ನ ತೂಕದಿಂದಲೇ ಕೆಳಕ್ಕೆ ಹರಿಯುವಂತೆ ಮಾಡಿರುತ್ತಾರೆ. ಬೆಂಕಿಯಿಂದ ಚಳಿಯನ್ನು ಹುಟ್ಟಿಸುವ ಈ ಚಮತ್ಕಾರವನ್ನು ಕೇಳಿ ನಾನು ಬೆರಗಾದೆನು. ಆದರೆ ಪೆಟ್ಟಿಗೆಯು ಬಹಳವಾಗಿ ವಾಲಿದರೆ ದ್ರವವು ಕೊಳವೆಗಳ ಮಡಿಕೆಗಳಲ್ಲಿ ನಿಂತುಹೋಗುವುದು; ಕುದಿಯುವ ಭಾಗವು ಒಣಗಿ ಅತಿಯಾಗಿ ಕಾಯುವುದು; ಹಾಗೆಯೇ ಬಿಟ್ಟರೆ ಪೆಟ್ಟಿಗೆ ಸರಿಪಡಿಸಲಾರದಂತೆ ಕೆಡುವುದು. ನಾಲ್ಕು ದಿನದ ದೋಸೆ ಹಿಟ್ಟು, ಮೊಸರು, ಮೊಮ್ಮಗಳ ಹಾಲು ಯಾವತ್ತೂ ಆ ಮಟ್ಟವನ್ನೇ ನಂಬಿದ್ದುವು.

ಇನ್ನು ಮಟ್ಟಮಾಡುವ ಬಗೆಯನ್ನು ಹೇಳುತ್ತೇನೆ. ಈ ಬಂಡಿಗೆ ಉಕ್ಕಿನ ಕಮಾನುಗಳಿಲ್ಲ. ಅಚ್ಚುಗಳಿಗೂ ಒಡಲಿಗೂ ನಡುವೆ, ಮುಂದೆ ಎರಡು ಹಿಂದೆ ನಾಲ್ಕು, ಕಮ್ಮಾರನ ತಿದಿಯಂತಿರುವ ದಪ್ಪ ರಬ್ಬರಿನ ಚೀಲಗಳಿವೆ. ಇಂಜಿನ್ನು ತಿರುಗುತ್ತಿರುವಾಗ ಅದಕ್ಕೆ ಸೇರಿದ ಯಂತ್ರವೊಂದು ಗಾಳಿಯನ್ನು ಒತ್ತಿ ಪೀಪಾಯಿಗಳಲ್ಲಿ ತುಂಬಿಡುವುದು. ಆ ಗಾಳಿಯೇ ಬ್ರೇಕುಗಳಿಗೂ ಈ ತಿದಿಗಳಿಗೂ ಆಧಾರ. ದಾರಿಯಲ್ಲಿ ಹೋಗುವಾಗ ಮೂರು ತೂಬುಗಳು, ಮುಂದಿನ ಅಚ್ಚಿಗೆ ಒಂದು ಹಿಂದಿನ ಎರಡು ಪಕ್ಕಗಳಿಗೆ ಒಂದೊಂದು, ಒಡಲು ತಗ್ಗಿದರೆ ಗಾಳಿಯನ್ನು ಬಿಡುತ್ತಲೂ ಉಬ್ಬಿದರೆ ಹೊರದೂಡುತ್ತಲೂ ಎತ್ತರವನ್ನು ಒಂದೇ ಸಮನೆ ಕಾಯುತ್ತವೆ. ನಾಲ್ಕು ಮೂಲೆಗಳಿಗೆ ಮೂರೇ ತೂಬುಗಳೇಕೆಂದು ಅಳಿಯನನ್ನು ಕೇಳಲು ಬಾಯಿ ತೆರೆದವನು ಅಷ್ಟರಲ್ಲಿಯೇ ತಿಳಿದುಕೊಂಡೆನು. ಮೂರು ಬಿಂದುಗಳಿಂದ ಒಂದು ಸಮತಲವು ನಿಶ್ಚಿತವಾಗುವುದು. ನಾಲ್ಕನೆಯದು ಬಂದರೆ ಜಗಳ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕುಂಟುವುದಿಲ್ಲವಷ್ಟೆ.

ಬಂಡಿ ನಿಂತಮೇಲೆ ಈ ತಿದಿಗಳನ್ನೇ ಇನ್ನೊಂದು ಕಾರ್ಯಕ್ಕೆ ವಿನಿಯೋಗಿಸುವುದುಂಟು. ಚಾಲಕನ ಪಕ್ಕದ ಹಲಗೆಯಲ್ಲಿ ನಾಲ್ಕು ಹಳದಿ ದೀಪಗಳು. ಯಾವ ಕಡೆ ತಗ್ಗೋ ಆ ಕಡೆಯ ದೀಪ ಉರಿಯುವುದು. ಗುಂಡಿಯೊಂದನ್ನು ಒತ್ತಿದರೆ ಯಂತ್ರವು ತಗ್ಗಿನ ಕಡೆಯ ತಿದಿಗೆ ಗಾಳಿಯನ್ನು ತುಂಬಿ, ಎತ್ತರದ ಕಡೆಯದರಿಂದ ಬಿಟ್ಟು, ದೀಪಗಳೆಲ್ಲ ಆರುವವರೆಗೆ ಹೊಂದಿಸುತ್ತದೆ. ಆ ಸಂಜೆ ನಮ್ಮ ಪಾಲಿಗೆ ಬಂದ ನಿವೇಶನವು ಎಡಪಕ್ಕಕ್ಕೆ ಇಳಿಜಾರಾಗಿದ್ದಿತು. ಗಾಳಿಯು ಎತ್ತಬಲ್ಲುದು ಕೆಲವೇ ಅಂಗುಲಗಳಾದ ಕಾರಣ ಅಳಿಯನು ಮೊದಲು ಎಡಗಡೆಯ ಟೈರುಗಳನ್ನು ಮರದ ಹಲಗೆಗಳ ಮೇಲೆ ಹತ್ತಿಸಿ, ಬ್ರೇಕನ್ನು ಬಿಗಿಮಾಡಿ, ಇಂಜಿನ್ನು ತಿರುಗುತ್ತಿರುವಂತೆಯೇ ಗುಂಡಿಯನ್ನು ಒತ್ತಿದನು. ಬಂಡಿಯು ಎದ್ದು ನಿಲ್ಲುವ ಒಂಟೆಯಂತೆ ಒಂದೊಂದು ಮೂಲೆಯಾಗಿ ಅಲುಗಾಡಿ, ನಿಟ್ಟುಸಿರಿಟ್ಟು, ಸುಮ್ಮನಾಯಿತು.

ನನ್ನ ಚೀಲದಲ್ಲಿ ಆಚಮನಕ್ಕೆಂದು ತಂದ ಸಣ್ಣದೊಂದು ಹಿತ್ತಾಳೆಯ ಲೋಟವಿದ್ದಿತು. ಅದರ ತುಂಬ ನೀರು ಹುಯ್ದು ಮೇಜಿನ ಮೇಲಿಟ್ಟೆನು. ನೀರು ಸುತ್ತಲೂ ಅಂಚಿಗೆ ಸಮವಾಗಿ ನಿಂತಿತು. ಇಂಥ ಸಂದರ್ಭವನ್ನು ಉಪಾಧ್ಯಾಯನಾಗಿದ್ದವನು ಬಿಡುವುದುಂಟೆ? ಸೂರ್ಯಸಿದ್ಧಾಂತದಲ್ಲಿ ಶಂಕುವನ್ನು ನಿಲ್ಲಿಸಿ ದಿಕ್ಕುಗಳನ್ನು ಸಾಧಿಸಬೇಕಾದರೆ ಮೊದಲು ನೀರಿನಿಂದ ಶೋಧಿಸಿದ ಸಮವಾದ ಶಿಲಾತಲವು ಬೇಕೆಂದು ವಿಧಿಸಿರುವುದನ್ನೂ, ಗಾರೆಯವನ ರಸಮಟ್ಟದಲ್ಲಿರುವುದು ಆ ನೀರಿನ ನ್ಯಾಯವೇ ಎಂಬುದನ್ನೂ ಮೊಮ್ಮಗಳಿಗೆ ವಿಸ್ತರಿಸಿ ಹೇಳಿದೆನು. ಏಳು ವರ್ಷದ ಆ ಮಗು, "ಹಾಗಾದರೆ ದೀಪಗಳೇತಕ್ಕೆ, ತಾತ?" ಎಂದಿತು. ಪ್ರಶ್ನೆಯು ಚೆನ್ನಾಗಿದ್ದಿತು.

ನೆರೆಯ ನಿವೇಶನದಲ್ಲಿದ್ದ ವೃದ್ಧರೊಬ್ಬರ ಬಂಡಿಗೆ ಇಂಥ ತಿದಿಗಳ ಮಟ್ಟವಿಲ್ಲ. ಎಣ್ಣೆಯ ಒತ್ತಡದಿಂದ ಕೆಳಕ್ಕಿಳಿಯುವ ನಾಲ್ಕು ಉಕ್ಕಿನ ಕಾಲುಗಳು. ಅದು ಕಲ್ಲುಮಂಟಪದಂತೆ ನಿಂತಿರುತ್ತದೆ. ಒಳಗೆ ಮಕ್ಕಳು ಕುಣಿದರೂ ಅಲುಗದು. ನಮ್ಮದರಲ್ಲಿ ಒಬ್ಬರು ಹೊರಳಿ ಮಲಗಿದರೆ ಉಳಿದವರಿಗೆಲ್ಲ ತಿಳಿಯುವುದು. ಆದರೆ ಕಾಲುಗಳಿಂದ ಎತ್ತುವಾಗ ಹಿಂದಿನ ಚಕ್ರಗಳು ನೆಲವನ್ನು ಬಿಟ್ಟರೆ ಅಪಾಯ, ಬ್ರೇಕು ಹಿಡಿದಿರುವುದು ಆ ಚಕ್ರಗಳನ್ನೇ. ಮೆದುವಾದ ನೆಲದಲ್ಲಿ ಕಾಲು ಹೂತುಹೋಗುವ ಭಯವೂ ಉಂಟು. ಗಾಳಿಯದರಲ್ಲಿ ಆರು ಟೈರುಗಳೂ ಭೂಮಿಯನ್ನು ಬಿಡುವುದಿಲ್ಲ. ಅಳಿಯನಿಗೆ ಈ ಗುಣವು ಮುಖ್ಯವಾಗಿ ಕಂಡಿತು.

ಯಾವ ವಸ್ತುವು ಕೈಗೆ ಬಂದರೂ ಅದರ ಗ್ರಂಥವನ್ನು ಆಮೂಲಾಗ್ರವಾಗಿ ಓದುವುದು ನನ್ನ ಹಳೆಯ ಚಟ. ಅಂದು ರಾತ್ರಿ ಯಂತ್ರದ ಕೈಪಿಡಿಯನ್ನು ಹಿಡಿದು ಕುಳಿತೆನು. ಅದರಲ್ಲಿ ವಿಧಿಗಳಿಗಿಂತ ನಿಷೇಧಗಳು ಹೆಚ್ಚು. ಗಾಳಿಯಿಳಿದಿರುವಾಗ ಬಂಡಿಯನ್ನು ನಡೆಸಬಾರದು, ತಿದಿಗಳು ತುಂಬಿ ಪ್ರಯಾಣದ ಎತ್ತರಕ್ಕೆ ಬಂದಮೇಲೆಯೇ ಹೊರಡಬೇಕು. ಒಡಲನ್ನು ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸದ ಹೊರತು ಅದರ ಅಡಿಗೆ ಯಾರೂ ಹೋಗಕೂಡದು. ಟೈರಿಗೂ ಅದರ ಮೇಲಣ ಕಮಾನಿಗೂ ನಡುವೆ ಕೈಯನ್ನೂ ಇಡಕೂಡದು. ಇದನ್ನು ಮತ್ತೆ ಮತ್ತೆ, ಚೌಕಟ್ಟು ಹಾಕಿ, ದಪ್ಪಕ್ಷರಗಳಲ್ಲಿ ಮುದ್ರಿಸಿದ್ದರು. ನಾನು ಮೊಮ್ಮಗಳನ್ನು ಕರೆದು ಆ ವಾಕ್ಯವನ್ನು ಅವಳಿಂದ ಮೂರು ಸಲ ಹೇಳಿಸಿದೆನು.

ನಡುರಾತ್ರಿಯಲ್ಲಿ ಬುಸ್ಸೆಂದು ದೀರ್ಘವಾದ ಶಬ್ದವಾಯಿತು. ನಮ್ಮ ಮನೆಯವಳು ಹಾವೆಂದು ಎದ್ದು ಕುಳಿತಳು. ಯಂತ್ರವು ಕಾಲಕಾಲಕ್ಕೆ ತಾನೇ ಎಚ್ಚೆತ್ತು, ಮಟ್ಟವು ತಪ್ಪಿದ್ದರೆ ತಿದ್ದಿಕೊಳ್ಳುವುದೆಂದು ಅಳಿಯನು ಸಮಾಧಾನ ಹೇಳಿದನು. ಅತ್ತೆಯ ನಿದ್ರೆಗೆ ಭಂಗ ಬರಬಾರದೆಂದು ಅದನ್ನು ನಿಲ್ಲಿಸಿಯೂ ಬಿಟ್ಟನು. ಅದರ ಫಲವೇ ಮಾರನೆಯ ಬೆಳಗಿನ ದೋಸೆ. ಲೋಟಕ್ಕೆ ನೀರು ತುಂಬಿ ನೋಡಿದೆನು: ಹಿಂದಿನ ಎಡಮೂಲೆಗೆ ಚೆಲ್ಲಿಹೋಯಿತು.

ಚಳಿಗೆ ಗಾಳಿ ಕುಗ್ಗಿರಬೇಕೆಂದು ಅಳಿಯನು ಹೇಳಿದನು. ನಾನು ಲೆಕ್ಕ ಹಾಕಿದೆನು. ಹಿಂದಿನ ಮಧ್ಯಾಹ್ನ ಸುಮಾರು ೨೦ ಡಿಗ್ರಿ ಇದ್ದ ಉಷ್ಣಮಾನವು ಬೆಳಗಿನ ಜಾವಕ್ಕೆ ಸೊನ್ನೆಯ ಹತ್ತಿರಕ್ಕೆ ಇಳಿದಿದ್ದಿತು. ಮೇಲಣ ಭಾರವು ಬದಲಾಗದಿದ್ದರೆ ಗಾಳಿಯ ಗಾತ್ರವು ಇಷ್ಟು ಚಳಿಗೆ ಸುಮಾರು ೧೫ರಲ್ಲಿ ೧ ಪಾಲು ಕಡಮೆಯಾಗುವುದು. ಆದರೆ ಚಳಿಯು ಒಂದು ಮೂಲೆಯನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ. ಕುಗ್ಗಿದರೆ ಆರು ತಿದಿಗಳೂ ಒಂದೇ ಪ್ರಕಾರವಾಗಿ ಕುಗ್ಗಬೇಕು. ಒಂದು ಮೂಲೆಯೇ ಕುಸಿದಿದೆಯೆಂದರೆ ಅಲ್ಲಿ ಸೋರಿಕೆಯಿದೆ ಎಂದೆನು. ಅವನು ಒಪ್ಪಿ, ಸಾಬೂನಿನ ನೊರೆಯನ್ನು ಬಳಿದರೆ ಸೋರುವ ಜಾಗದಲ್ಲಿ ಗುಳ್ಳೆಯೇಳುವುದೆಂದು ಬಟ್ಟಲಿನಲ್ಲಿ ನೊರೆ ಕಲಸಿಕೊಂಡು ಹೋಗಿ, ಹಿಂದಿನ ಚಕ್ರದ ಪಕ್ಕದಲ್ಲಿ ಅಂಗಾತನೆ ಮಲಗಿ ತಲೆಯನ್ನು ಒಳಗಿಡಲಿದ್ದನು. ನಾನು ಕೂಗಿಕೊಂಡೆನು. ಕೂಗಿದುದು ಮಾತ್ರವಲ್ಲ, ಹೆಂಡತಿ ಮಕ್ಕಳ ಎದುರಿಗೆ, ಓದು ಬಲ್ಲವನು ಹೀಗೆ ಮಾಡಬಹುದೇ ಎಂದು, ತರಗತಿಯಲ್ಲಿ ಹುಡುಗನನ್ನು ನಿಲ್ಲಿಸಿ ಕೇಳುವಂತೆ ಕೇಳಿದೆನು. ಅವನು ಏನೂ ಹೇಳದೆ ಎದ್ದು ಬೆನ್ನಿನ ಧೂಳನ್ನು ಕೊಡವಿಕೊಂಡನು. ಮಾರನೆಯ ದಿನ ಪಟ್ಟಣದ ರಿಪೇರಿಯವರಿಗೆ ತೋರಿಸುವುದೆಂದು ನಿಶ್ಚಯವಾಯಿತು. ಇಂಜಿನ್ನನ್ನು ತಿರುಗಿಸಿ ಪೀಪಾಯಿಯನ್ನು ತುಂಬಿ, ಮತ್ತೆ ಮಟ್ಟಮಾಡಿ, ಈ ಸಲ ಯಂತ್ರವನ್ನು ಎಚ್ಚರವಾಗಿಯೇ ಬಿಟ್ಟರು.

ಆ ಸಾಯಂಕಾಲ ನಾನೂ ಮೊಮ್ಮಗಳೂ ಬಂಡಿಯ ಬಲಪಕ್ಕದಲ್ಲಿ, ಬಾಗಿಲಿರುವ ಕಡೆ, ಕುರ್ಚಿಗಳನ್ನು ಹಾಕಿಕೊಂಡು ಕುಳಿತಿದ್ದೆವು. ಇಳಿಜಾರಿನ ನೆಲ; ನನ್ನ ಪಕ್ಕದಲ್ಲಿಟ್ಟಿದ್ದ ಲೋಟವು ಪಂಚೆಯ ಅಂಚು ತಗಲಿ ಉರುಳಿತು. ಉರುಳಿದುದು ಬಂಡಿಯ ಅಡಿಗೆ ಹೋಗಿ, ಹಿಂದಿನ ಬಲಚಕ್ರಕ್ಕೆ ಒಂದು ಗೇಣು ಮುಂದೆ ನಿಂತಿತು. ಕೈ ನೀಡಿದರೆ ಸಿಕ್ಕುವಂತೆ ಕಂಡಿತು, ನೀಡಿದೆನು, ಸಿಕ್ಕಲಿಲ್ಲ. ಆಗ ನಾನು ಪಂಚೆಯನ್ನು ಎತ್ತಿಕಟ್ಟಿ, ನೆಲದ ಮೇಲೆ ಬೋರಲು ಮಲಗಿ, ತಲೆಯನ್ನೂ ಬಲಭುಜವನ್ನೂ ಎದೆಯವರೆಗೆ ಒಳಕ್ಕೆ ತೂರಿಸಿದೆನು.

ನಿಷೇಧವನ್ನು ಮರೆತಿದ್ದೆನೆಂದು ಹೇಳಿದರೆ ಸುಳ್ಳಾಗುವುದು. ಅದು ನೆನಪಿದ್ದಿತು. ಆದರೆ ನನ್ನ ಮನಸ್ಸು ಅದಕ್ಕೆ ಒಂದು ಅಪವಾದವನ್ನು ಆಗಲೇ ಹೊಸೆದಿಟ್ಟಿದ್ದಿತು. ಸೋರುವುದು ಎಡಗಡೆಯ ತಿದಿ, ಕುಸಿಯುವುದು ಎಡಪಕ್ಕ, ನಾನು ಮಲಗಿದುದು ಬಲಪಕ್ಕದಲ್ಲಿ. ಬೆಳಗ್ಗೆ ಅಷ್ಟು ಸೊಗಸಾಗಿ ರೋಗನಿದಾನವನ್ನು ಮಾಡಿದವನಿಗೆ ಇದರಲ್ಲಿ ಸಂಶಯವೇನೂ ಹುಟ್ಟಲಿಲ್ಲ.

ಲೋಟವು ಬೆರಳಿಗೆ ತಗಲಿತು. ಅದೇ ಕ್ಷಣದಲ್ಲಿ ಕಿವಿಯ ಬಳಿ ಬುಸ್ಸೆಂಬ ಶಬ್ದವಾಯಿತು. ಯಂತ್ರವು ಮಟ್ಟವನ್ನು ತಿದ್ದಿಕೊಳ್ಳುತ್ತಿದೆ ಎಂದುಕೊಂಡು, ಮೈಯನ್ನು ಹಿಂತೆಗೆಯದೆ, ಲೋಟವನ್ನು ಬೆರಳ ತುದಿಯಿಂದ ಎಳೆದುಕೊಳ್ಳಲು ಯತ್ನಿಸುತ್ತಲೇ ಇದ್ದೆನು. ಬೆನ್ನಿಗೆ ಏನೋ ತಗಲಿದ ಮೇಲೆಯೇ ನನಗೆ ತಿಳಿದುದು. ಮೊದಲು ಬಟ್ಟೆಗೆ ತಗಲಿದಂತೆ, ಅನಂತರ ಒಂದು ಅಂಗೈಯನ್ನು ಇಟ್ಟು ಒತ್ತಿದಂತೆ. ಉಸಿರನ್ನು ಹೊರಕ್ಕೆ ಬಿಟ್ಟೆನು. ಒಳಕ್ಕೆ ಎಳೆದುಕೊಳ್ಳಲು ಜಾಗವಿರಲಿಲ್ಲ. ಮೊಮ್ಮಗಳು, "ಅಪ್ಪಾ, ತಾತ ಅಡಿಗೆ ಹೋಗಿದ್ದಾರೆ, ತಾತ ಹೋಗಕೂಡದು" ಎಂದು ಕಿರುಚಿದುದು ಎಲ್ಲಿಯೋ ದೂರದಲ್ಲೆಂಬಂತೆ ಕೇಳಿಸಿತು. ಯಾರೋ ನನ್ನ ಎರಡು ಕಾಲುಗಳನ್ನೂ ಹಿಡಿದು ಸೆಳೆದರು. ಅಂಗಿಯು ಬೆನ್ನಿನುದ್ದಕ್ಕೂ ಹರಿಯಿತು, ಗಲ್ಲವು ತರಚಿತು, ನಾನು ಹೊರಗಿದ್ದೆನು.

ಅಳಿಯನ ಮುಖವು ಬಿಳಿಚಿಕೊಂಡಿದ್ದಿತು. ಬೆಳಗಿನ ನನ್ನ ಮಾತುಗಳಲ್ಲಿ ಒಂದನ್ನಾದರೂ ಅವನು ಹಿಂದಿರುಗಿಸಿ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿದ್ದಿತು. ಅವನು ಹೇಳಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಒಳಗೆ ಹೋಗಿ ಯಂತ್ರವನ್ನು ನಿಲ್ಲಿಸಿ ಬಂದನು. ನಮ್ಮ ಮನೆಯವಳು ಗಲ್ಲಕ್ಕೆ ಅರಸಿನ ಹಚ್ಚಿದಳು. ಅವಳ ಕೈ ನಡುಗುತ್ತಿದ್ದಿತು. ಮಾತು ಮಾತ್ರ ಮಾರನೆಯ ಮಧ್ಯಾಹ್ನದವರೆಗೆ ಹೊರಡಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಟೇಪನ್ನು ತರಿಸಿ, ದೂರದಿಂದಲೇ ಅಳತೆ ಮಾಡಿಸಿದೆನು. ಬೆಳಗ್ಗೆ ಅಳಿಯನು ಅಳೆದಿದ್ದಾಗ ಸಾಮಾನಿನ ಪೆಟ್ಟಿಗೆಗಳ ತಳಕ್ಕೂ ನೆಲಕ್ಕೂ ೧೨ ಅಂಗುಲಗಳ ಅಂತರವಿದ್ದಿತು, ಈಗ ಎಂಟೂವರೆ. ಮಗಳಿಂದ ನನ್ನ ಎದೆಯ ದಪ್ಪವನ್ನೂ ಅಳೆಯಿಸಿದೆನು: ಒಂಬತ್ತು. ಆ ಅರ್ಧ ಅಂಗುಲವನ್ನು ನಾನು ಈಗಲೂ ಒಮ್ಮೊಮ್ಮೆ ಬೆರಳುಗಳ ನಡುವೆ ಹಿಡಿದು ನೋಡಿಕೊಳ್ಳುವುದುಂಟು.

ಏನು ನಡೆಯಿತೆಂಬುದು ಆಮೇಲೆ ಸ್ಪಷ್ಟವಾಯಿತು. ಎಡಗಡೆಯ ತಿದಿಯು ಹಗಲೆಲ್ಲ ಮೆಲ್ಲಗೆ ಸೋರಿ ಆ ಮೂಲೆ ತಗ್ಗಿದ್ದಿತು. ಸಂಜೆ ಯಂತ್ರವು ಎಚ್ಚೆತ್ತು ನೋಡಿದಾಗ ಮಟ್ಟವು ತಪ್ಪಿದ್ದುದು ಕಂಡಿತು. ಇಂಜಿನ್ನು ನಿಂತಿದ್ದ ಕಾರಣ ತಗ್ಗಿದುದನ್ನು ಎತ್ತುವಷ್ಟು ಗಾಳಿ ಪೀಪಾಯಿಯಲ್ಲಿರಲಿಲ್ಲ. ಎತ್ತಲಾರದಿದ್ದರೆ ಸಮಮಾಡುವ ದಾರಿ ಒಂದೇ: ಎತ್ತರವಾಗಿರುವುದನ್ನು ಇಳಿಸುವುದು. ಅದು ಹಾಗೆಯೇ ಮಾಡಿತು. ಸೋರಿಕೆಯಿರುವ ಪಕ್ಕವು ಹಗಲೆಲ್ಲ ಕೂದಲೆಳೆಯಷ್ಟಾಗಿ ಇಳಿದಿದ್ದರೆ, ಯಾವ ದೋಷವೂ ಇಲ್ಲದ ಬಲಪಕ್ಕವು ಹತ್ತು ಹನ್ನೆರಡು ಉಸಿರುಗಳೊಳಗೆ ಇಳಿದುಬಿಟ್ಟಿತು. ಇಂಥ ಬಂಡಿಯಲ್ಲಿ ಅಪಾಯವು ಕೆಟ್ಟ ಮೂಲೆಯಲ್ಲಿ ಮಾತ್ರವಿರುವುದಲ್ಲ. ಚೆನ್ನಾಗಿರುವ ಮೂಲೆಯಲ್ಲಿ ಇನ್ನೂ ಹೆಚ್ಚು. ಕೈಪಿಡಿಯು ಎಡ ಬಲವೆಂಬ ಭೇದವನ್ನು ಮಾಡಿರಲಿಲ್ಲ. ಆ ಭೇದವನ್ನು ಕಲ್ಪಿಸಿದವನು ನಾನು. ಸೂತ್ರದಲ್ಲಿ ಇಲ್ಲದ ವಿಕಲ್ಪವನ್ನು ತಂದು ಸೇರಿಸಬಾರದೆಂದು ಎಷ್ಟು ಹುಡುಗರ ಕಿವಿ ಹಿಂಡಿದ್ದೆನೋ ಲೆಕ್ಕವಿಲ್ಲ.

ಆ ರಾತ್ರಿ ನಾನು ಅಳಿಯನ ಬಳಿಗೆ ಹೋಗಿ, ಬೆಳಗ್ಗೆ ಆಡಿದ ಮಾತು ತಪ್ಪಾಯಿತೆಂದು ಹೇಳಿದೆನು. "ಮಾತೇನೋ ಸರಿಯಾಗಿಯೇ ಇತ್ತು, ಮಾವ" ಎಂದನು. ಸ್ವಲ್ಪ ತಡೆದು, "ನಾನು ಇದರ ಅಡಿಗೆ ಇದಕ್ಕೆ ಮೊದಲು ಮೂರು ನಾಲ್ಕು ಸಲ ಹೋಗಿದ್ದೇನೆ" ಎಂದನು. ನಾವಿಬ್ಬರೂ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆವು. ಯಂತ್ರವನ್ನು ನಿಲ್ಲಿಸಿದ್ದುದರಿಂದ ನೆಲವು ಕ್ರಮವಾಗಿ ಎಡಕ್ಕೆ ವಾಲುತ್ತಿದ್ದಿತು. ತಂಪು ಪೆಟ್ಟಿಗೆಯನ್ನು ಮಗಳು ಆರಿಸಿ, ಮೊಸರನ್ನು ಹೊರಗಿನ ಚಳಿಗೆ ಇಟ್ಟಳು.

ಮಾರನೆಯ ದಿನ ತಿದಿಗಳು ತುಂಬಿ ಪ್ರಯಾಣದ ಎತ್ತರಕ್ಕೆ ಬರುವವರೆಗೆ ಕಾದು, ಮೆಲ್ಲಗೆ ಪಟ್ಟಣಕ್ಕೆ ಹೋದೆವು. ಇಂಜಿನ್ನು ನಡೆಯುತ್ತಿರುವಾಗ ಸೋರಿದಷ್ಟನ್ನೂ ಅದು ತುಂಬಿಕೊಡುವುದು. ರಿಪೇರಿಯ ಮನುಷ್ಯನು ಬಂಡಿಯನ್ನು ಎತ್ತಿ, ಒಡಲಿನ ಉಕ್ಕಿನ ತೊಲೆಗಳಿಗೆ ನಾಲ್ಕು ಕಡೆಗಳಲ್ಲಿಯೂ ಕಬ್ಬಿಣದ ಆಧಾರಗಳನ್ನು ಕೊಟ್ಟು, ಪ್ರತಿಯೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ, ಅನಂತರ ಗಾಳಿಯನ್ನು ಬಿಟ್ಟು, ಆಮೇಲೆಯೇ ಅಡಿಗೆ ಹೋದನು. ಇದಕ್ಕೆ ಅವನಿಗೆ ಒಂದು ಘಂಟೆ ಹಿಡಿಯಿತು. ಸಾಬೂನಿನ ನೊರೆಯಲ್ಲಿ ಗುಳ್ಳೆಯೆದ್ದ ಜಾಗವನ್ನು ಕಂಡುಹಿಡಿದು ಸರಿಮಾಡಲು ಕಾಲು ಘಂಟೆಯೂ ಆಗಲಿಲ್ಲ. ಕೊಳವೆಯು ತೂಬನ್ನು ಸೇರುವಲ್ಲಿ ಕಾಲುಂಗುರಕ್ಕಿಂತಲೂ ಚಿಕ್ಕದಾದ ರಬ್ಬರಿನ ಬಳೆಯೊಂದು ಒಣಗಿ ಸೀಳಿದ್ದಿತು. ಅದನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದನು.

ಮಹಾಕಂದರವನ್ನು ನೋಡಿದೆವು. ಅದನ್ನು ಕುರಿತು ಬರೆದವರು ಅನೇಕರಿದ್ದಾರೆ, ನಾನು ಬರೆಯುವುದಿಲ್ಲ. ಅಲ್ಲಿನ ಬಿಡಾರದಲ್ಲಿ ರಾತ್ರಿ ಒಂದು ಸಲ ಬುಸ್ಸೆಂದಿತು. ನಮ್ಮ ಮನೆಯವಳು ಈ ಸಲ ಎದ್ದು ಕೂರಲಿಲ್ಲ. ಕತ್ತಲೆಯಲ್ಲಿ ಕೈಯನ್ನು ಚಾಚಿ ನಾನು ಪಕ್ಕದಲ್ಲಿರುವೆನೇ ಎಂದು ಮುಟ್ಟಿ ನೋಡಿ ಮತ್ತೆ ಮಲಗಿದಳು.

ಲೋಟವನ್ನು ಫ್ಲ್ಯಾಗ್‌ಸ್ಟಾಫಿನಲ್ಲಿ ಅಂದೇ ಸಂಜೆ ಉದ್ದವಾದ ಕೋಲಿನಿಂದ ಸೆಳೆದು ತೆಗೆದಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ಮೊಮ್ಮಗಳು ಅದರ ಕಂಠಕ್ಕೆ ಕೆಂಪು ದಾರವೊಂದನ್ನು ಕಟ್ಟಿ, ದಾರದ ಇನ್ನೊಂದು ತುದಿಯನ್ನು ನನ್ನ ಕುರ್ಚಿಯ ಕಾಲಿಗೆ ಬಿಗಿದಳು.